ಓದುಗರ ಪ್ರಶ್ನೆ: ಹಳ್ಳಿಯ ನೆರೆ, ನಗರದ ನೆರೆ

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಚಿಕ್ಕೋಡಿ, ಅಥಣಿ ಕಡೆಯ ಎಷ್ಟೋ ಜನ ದನಕರು ಸಮೇತ ಊರು ಬಿಟ್ಟರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಒಂದೇ ರಾತ್ರಿಯ ಮಳೆಗೆ ಜನ ಟ್ರ್ಯಾಕ್ಟರ್ ಹತ್ತಬೇಕಾಯಿತು. ಈ ವ್ಯತ್ಯಾಸ ಯಾಕೆ?
— ಓದುಗರು, ಬೆಂಗಳೂರು

ಉತ್ತರ: ನೀರು ಬರುವ ರೀತಿಯೇ ಬೇರೆ. ಕೃಷ್ಣೆಯ ನೆರೆ ಸಹ್ಯಾದ್ರಿಯ ಮಳೆಯಿಂದ, ಕೊಯ್ನಾದಂಥ ಜಲಾಶಯಗಳಿಂದ ಇಳಿದು ಬರುವಂಥದ್ದು. ನಡುವೆ ಸಮಯ ಸಿಗುತ್ತದೆ. ನದಿಗೆ ಅಡ್ಡಲಾಗಿ ಕಟ್ಟಿದ ಕಲ್ಲೋಳ–ಯಡೂರು ಬಾಂದಾರ (ಸೇತುವೆಯಂಥ ಒಡ್ಡು) ಮುಳುಗಿತೆಂದರೆ ಮುಂದೆ ಯಾವ ಹೊಲ, ಯಾವ ಓಣಿ ಎಂಬುದು ಊರವರಿಗೆ ಗೊತ್ತು. ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯಲ್ಲಿದ್ದಾರೆ, ಟ್ರ್ಯಾಕ್ಟರ್ ಯಾರ ಬಳಿ ಇದೆ ಎಂಬುದನ್ನೂ ಯಾರೂ ಹುಡುಕಬೇಕಿಲ್ಲ. ಆದರೆ ಹಳೆಯ ಗುರುತನ್ನೇ ನಂಬಿ ಕೂತರೆ ಅಪಾಯ. ಪಕ್ಕದ ಸಾಂಗ್ಲಿಯಲ್ಲಿ 2019ರ ನೀರು 2005ರ ನೆರೆಯ ಮಟ್ಟವನ್ನೂ ದಾಟಿತು.

ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ 4ರ ರಾತ್ರಿ ಸುಮಾರು 130 ಮಿ.ಮೀ. ಮಳೆ ಬಿತ್ತು. ಕಾಂಕ್ರೀಟಿನ ಮೇಲೆ ಬಿದ್ದ ನೀರು ಒತ್ತುವರಿಯಾದ ರಾಜಕಾಲುವೆಯಲ್ಲಿ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಹಿಡಿಸದೆ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಅಪಾರ್ಟ್‌ಮೆಂಟ್‌ಗಳಲ್ಲಿ ವಿದ್ಯುತ್ ಪ್ಯಾನೆಲ್, ಸಂಪ್, ಮೋಟಾರ್ ಎಲ್ಲವೂ ಬೇಸ್‌ಮೆಂಟ್‌ನಲ್ಲೇ ಇದ್ದರೆ ಅದೊಂದು ತುಂಬಿದರೆ ಸಾಕು, ಲಿಫ್ಟೂ ಇಲ್ಲ, ಕುಡಿಯುವ ನೀರೂ ಇಲ್ಲ. ಅದೇ ಹೊತ್ತಿಗೆ ದೂರದ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ ಕಾವೇರಿ ಪೂರೈಕೆ ನಿಂತಿತು. ದೂರದ ಯಂತ್ರಗಳನ್ನು ನಂಬಿದ ನಗರಕ್ಕೆ ಪೆಟ್ಟು ಬೀಳುವುದು ಹೀಗೆ.

ಅಪಾರ್ಟ್‌ಮೆಂಟ್ ಸಂಘಗಳು ಮಳೆಗಾಲಕ್ಕೆ ಮೊದಲೇ ಮಹಡಿವಾರು ಪಟ್ಟಿ ಮಾಡಿಕೊಳ್ಳಲಿ: ಹಿರಿಯರು, ಆಮ್ಲಜನಕದ ಯಂತ್ರ ಬಳಸುವವರು, ಇನ್ಸುಲಿನ್ ಇಟ್ಟುಕೊಳ್ಳುವವರು. ಮೇನ್ ಸ್ವಿಚ್ ಆರಿಸುವವರು ಇಬ್ಬರಿರಲಿ, ಒಬ್ಬರು ಊರಿಗೆ ಹೋದರೂ ಇನ್ನೊಬ್ಬರು ಸಿಗುತ್ತಾರೆ. ನೀರು ಪ್ಯಾನೆಲ್ ಮುಟ್ಟಿದ ಮೇಲೆ ಯಾರೂ ಕೆಳಗಿಳಿಯಬಾರದು.

ಬೇಸ್‌ಮೆಂಟ್‌ನ ನೀರನ್ನು ಒಂದೇ ದಿನದಲ್ಲಿ ಎಳೆದು ಹಾಕುವ ಆತುರ ಬೇಡ. ಹೊರಗಿನ ಮಣ್ಣು ಇನ್ನೂ ನೀರು ಕುಡಿದಿರುತ್ತದೆ, ಒಳಗಿನ ಒತ್ತಡ ತಟ್ಟನೆ ಇಳಿದರೆ ಗೋಡೆ ಒಳಕ್ಕೆ ಬಾಗುತ್ತದೆ, ನೆಲ ಮೇಲೇಳುತ್ತದೆ. ದಿನಕ್ಕೆ ಎರಡು–ಮೂರು ಅಡಿ ಇಳಿಸಿ, ಗೋಡೆಗೆ ಗುರುತು ಹಾಕಿ, ರಾತ್ರಿ ಮತ್ತೆ ಏರಿತೇ ನೋಡಿ. ಏರಿದರೆ ಒಂದು ದಿನ ಕಾಯಿರಿ. ಡೀಸೆಲ್ ಪಂಪನ್ನು ಒಳಗಿಟ್ಟು ಓಡಿಸಿದರೆ ಅದರ ಹೊಗೆ ಪ್ರಾಣ ತೆಗೆಯುತ್ತದೆ. ಪಂಪ್ ಹೊರಗಿರಲಿ, ಪೈಪ್ ಮಾತ್ರ ಒಳಗಿಳಿಯಲಿ.

ಪ್ರಶ್ನೆ: ನೆರೆ ಇಳಿದ ಮೇಲೆ ಬಾವಿ ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
— ಓದುಗರು, ಅಥಣಿ

ಉತ್ತರ: ಮೊದಲು ನೀರು, ಕೆಸರು ಎರಡನ್ನೂ ಹೊರಹಾಕಿ. ಕೆಸರಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗುತ್ತದೆ, ಪುಡಿ ಸುರಿದೂ ಕ್ರಿಮಿ ಉಳಿಯುವುದು ಇದರಿಂದಲೇ. ಮತ್ತೆ ನೀರು ಒಸರಿದ ಮೇಲೆ ಲೆಕ್ಕ ಹಾಕಿ: 3 ಮೀಟರ್ ಅಡ್ಡಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಮೊದಲ ಸಲ 1,000 ಲೀಟರಿಗೆ 150 ಗ್ರಾಂ, ಅಂದರೆ ನಾಲ್ಕು ಕಿಲೋಗಿಂತ ತುಸು ಹೆಚ್ಚು. ಹನ್ನೆರಡು ಗಂಟೆ ಬಿಟ್ಟು ಆ ನೀರನ್ನೂ ಹೊರಚೆಲ್ಲಿ. ಆಮೇಲೆ ದಿನಬಳಕೆಗೆ 1,000 ಲೀಟರಿಗೆ 2.5 ಗ್ರಾಂ, ಈ ಬಾವಿಗೆ 70 ಗ್ರಾಂ ಸಾಕು. ಹಾಕಿ ಒಂದು ಗಂಟೆಯಾದ ಮೇಲೆ ಸೇದಿ.

ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಬೆರೆಸಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಈ ಅಳತೆ 33 ಶೇಕಡಾ ಕ್ಲೋರಿನ್ ಇರುವ ತಾಜಾ ಪುಡಿಗೆ. ಬಾಯಿ ತೆರೆದಿಟ್ಟ ಚೀಲದ ಪುಡಿ ಬಲ ಕಳೆದುಕೊಂಡಿರುತ್ತದೆ, ಗ್ರಾಮ ಪಂಚಾಯಿತಿಯಲ್ಲಿ ಹೊಸ ಚೀಲವನ್ನೇ ಕೇಳಿ ಪಡೆಯಿರಿ.