ವಾಹನಗಳ ಡೇರ್, ಡೀ, ಡಾಸ್ ಗೊಂದಲಕ್ಕೆ

ಜರ್ಮನ್ ಭಾಷೆಯಲ್ಲಿ ವಾಹನಗಳ ಹೆಸರು ಬಾಯಿಗೆ ಬಂದರೂ, ಅವುಗಳ ಮುಂದೆ ಬರುವ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ ಲಿಂಗ) ನೆನಪಿರಲ್ವಾ? ಸುಮ್ನೆ ಉರು ಹೊಡೆಯಬೇಡಿ, ಪದದ ಬಾಲ ನೋಡಿ. 'ಬಾನ್' ಅಂತ ಮುಗಿದರೆ ಡೀ: ಊಬಾನ್ (ಮೆಟ್ರೊ), ಶ್ಟ್ರಾಸೆನ್‌ಬಾನ್ (ಟ್ರಾಮ್). 'ರಾಟ್', 'ತ್ಸೊಯ್ಕ್' ಇದ್ದರೆ ಡಾಸ್: ಫಾರ್‌ರಾಟ್ ಅಂದರೆ ಸೈಕಲ್, ಫ್ಲೂಕ್‌ತ್ಸೊಯ್ಕ್ ಅಂದರೆ ವಿಮಾನ. ಬುಸ್, ತ್ಸೂಕ್ (ರೈಲು) ಎರಡೂ ಡೇರ್. ಮಜಾ ಏನಂದ್ರೆ, ಬಿಎಂಡಬ್ಲ್ಯು ಕಾರಾದರೆ ಡೇರ್, ಬೈಕಾದರೆ ಡೀ!

ಆಮೇಲೆ 'ಮಿಟ್' (ಬಸ್ಸಲ್ಲಿ, ಸೈಕಲ್ಲಲ್ಲಿ ಅನ್ನುವಾಗಿನ 'ಅಲ್ಲಿ') ಸೇರಿಸಿ ಇಡೀ ತುಂಡನ್ನೇ ಜೋರಾಗಿ ಹೇಳಿ: ಮಿಟ್ ಡೇಮ್ ಬುಸ್, ಮಿಟ್ ಡೇಮ್ ಫಾರ್‌ರಾಟ್, ಮಿಟ್ ಡೇರ್ ಊಬಾನ್. ಇಲ್ಲಿ ಡೇರ್, ಡಾಸ್ ಎರಡೂ ಡೇಮ್ ಆಗುತ್ತವೆ. ಡೀ ಹೋಗಿ ಡೇರ್ ಆಗುತ್ತದೆ (ಹೌದು, ಅದೇ ಡೇರ್, ಸ್ವಲ್ಪ ಕಿರಿಕಿರಿಯೇ). ನಡೆದು ಹೋಗುವುದಕ್ಕೆ ಮಾತ್ರ 'ತ್ಸು ಫೂಸ್', ಅಲ್ಲಿ ಮಿಟ್ ಬೇಡ.