ಅಂಕಿ ಎಷ್ಟು, ಅಭಿನಯ ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದವು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಂದನ್ನು ಆಡುವ ಆಟವಿದು. ಪಾತ್ರದ ಬಲ, ಬುದ್ಧಿ ಮುಂತಾದ ಗುಣಗಳಿಗೆ ಅಂಕಗಳಿರುತ್ತವೆ; ಪ್ರಯತ್ನ ಫಲಿಸಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ಎಸೆದು ತೀರ್ಮಾನಿಸುತ್ತಾರೆ. ಲೆಕ್ಕಗಳು 2014ರ ಐದನೇ ಆವೃತ್ತಿಯ ನಿಯಮದಂತೆ ಇವೆ.

ಪ್ರಶ್ನೆ: ನನ್ನ ಫೈಟರ್‌ಗೆ (ಯೋಧ ಪಾತ್ರಕ್ಕೆ) ಇಂಟೆಲಿಜೆನ್ಸ್ (ಬುದ್ಧಿ) 8. ನಾನು ಒಳ್ಳೆಯ ಉಪಾಯ ಹೇಳಿದಾಗಲೆಲ್ಲ ‘ನಿನ್ನ ಪಾತ್ರ ದಡ್ಡ, ಅವನಿಗಿದು ಹೊಳೆಯೋದಿಲ್ಲ’ ಎಂದು ಜೊತೆಯವರು ತಡೆಯುತ್ತಾರೆ. ಸರಿಯೇ?

ಉತ್ತರ: ಖಂಡಿತ ಸರಿಯಲ್ಲ. 8 ಅಂದರೆ ಮಾಡಿಫೈಯರ್ (ದಾಳದಲ್ಲಿ ಬಿದ್ದದ್ದಕ್ಕೆ ಕೂಡಿಸುವ ಸಂಖ್ಯೆ) ಮೈನಸ್ 1. ಇಪ್ಪತ್ತು ಮುಖದ ದಾಳದಲ್ಲಿ ಅದರ ತೂಕ ಶೇ 5. ಇಂಟೆಲಿಜೆನ್ಸ್ 10 ಇರುವವನಿಗಿಂತ ನಿಮ್ಮ ಫೈಟರ್ ಇಪ್ಪತ್ತು ಪ್ರಯತ್ನಕ್ಕೆ ಸರಾಸರಿ ಒಂದು ಸಲ ಹೆಚ್ಚು ಸೋಲುತ್ತಾನೆ, ಅಷ್ಟೇ. ಹಳೆಯ ಪದ್ಧತಿಯಂತೆ ಆರು ಮುಖದ ಮೂರು ದಾಳ ಎಸೆದು ಅಂಕ ನಿರ್ಧರಿಸಿದರೆ 8 ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ 216ರಲ್ಲಿ 56, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಜಾಸ್ತಿ. ಇಷ್ಟು ಸಾಮಾನ್ಯವಾದ ಅಂಕವನ್ನು ಪೆದ್ದುತನ ಎನ್ನಲಾಗದು.

ಹಾಗೆಂದು ಆ 8 ಎಲ್ಲೂ ಕಾಣದಂತೆ ಆಡುವುದೂ ತಪ್ಪು. ಈ ಆವೃತ್ತಿಯಲ್ಲಿ ಇಂಟೆಲಿಜೆನ್ಸ್ ಕೆಳಗೆ ಬರುವ ಕೌಶಲಗಳು ಆರ್ಕೇನಾ (ಮಂತ್ರವಿದ್ಯೆಯ ತಿಳಿವು), ಹಿಸ್ಟರಿ, ಇನ್ವೆಸ್ಟಿಗೇಷನ್, ನೇಚರ್ ಮತ್ತು ರಿಲಿಜನ್. ಕೊರತೆ ಅಲ್ಲೇ ಕಾಣಲಿ: ರಾಜವಂಶಗಳ ಹೆಸರು ಅದಲುಬದಲಾಗಲಿ, ಗೋಡೆಯ ಮೇಲಿನ ಮಂತ್ರಚಿಹ್ನೆಯ ಅರ್ಥಕ್ಕೆ ಬೇರೆಯವರ ಮುಖ ನೋಡಲಿ. ಸೇತುವೆಯ ಮೇಲೆ ಶತ್ರುವನ್ನು ಹೇಗೆ ತಡೆಯುವುದು ಎನ್ನುವುದು ಅವನ ಕಸುಬು, ಅಲ್ಲಿ ಅವನು ಮಾತಾಡಲೇಬೇಕು.

ಇನ್ನೊಂದು ಮಾತು. ಅಂಕಗಳನ್ನು ಒಂಟಿಯಾಗಿ ಓದಬೇಡಿ, ಜೋಡಿಸಿ ಓದಿ. ಇಂಟೆಲಿಜೆನ್ಸ್ 8ರ ಪಕ್ಕ ವಿಸ್ಡಂ (ಗ್ರಹಿಕೆ, ವಿವೇಕ) 14 ಇದ್ದರೆ ವರ್ತಕ ಸುಳ್ಳು ಹೇಳುತ್ತಿದ್ದಾನೆಂದು ನಿಮ್ಮವನಿಗೆ ಥಟ್ಟನೆ ತಿಳಿಯುತ್ತದೆ, ಯಾವ ಲೆಕ್ಕದಲ್ಲಿ ಮೋಸವಾಗಿದೆ ಎಂದು ತೋರಿಸಲು ಮಾತ್ರ ಬರುವುದಿಲ್ಲ. ಪಾತ್ರ ಹುಟ್ಟುವುದು ಇಂಥ ಕಡೆಯೇ.

ಪ್ರಶ್ನೆ: ನನ್ನ ಬಾರ್ಡ್‌ಗೆ (ಹಾಡುಗಾರ ಪಾತ್ರಕ್ಕೆ) ಕ್ಯಾರಿಸ್ಮಾ (ಜನರನ್ನು ಸೆಳೆಯುವ ವ್ಯಕ್ತಿತ್ವ) 16, ಆದರೆ ನನಗೇ ಮಾತು ತಡವರಿಸುತ್ತದೆ. ಕ್ಯಾರಿಸ್ಮಾ 8ರ ಬಾರ್ಬೇರಿಯನ್ (ಒರಟು ಯೋಧ) ಆಡುವ ಗೆಳೆಯ ಮಾತಿನ ಮಲ್ಲ. ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಅವನಿಗೆ ದಾಳ ಎಸೆಯಲು ಹೇಳುವುದೇ ಇಲ್ಲ. ಏನು ಮಾಡಲಿ?

ಉತ್ತರ: ಇದು ನಿಮಗೆ ಆಗುತ್ತಿರುವ ಅನ್ಯಾಯವೇ. 27 ಪಾಯಿಂಟ್‌ನಲ್ಲಿ ಅಂಕ ಕೊಳ್ಳುವ ಪದ್ಧತಿಯಲ್ಲಿ 15ಕ್ಕೆ 9 ಪಾಯಿಂಟ್ ತೆರಬೇಕು, 8 ಪುಕ್ಕಟೆ. ಗೆಳೆಯ ಆ ಪಾಯಿಂಟ್‌ಗಳನ್ನು ಸ್ಟ್ರೆಂತ್‌ಗೆ (ಬಲಕ್ಕೆ) ಸುರಿದು, ಕ್ಯಾರಿಸ್ಮಾವನ್ನು ತನ್ನ ನಾಲಿಗೆಯಿಂದ ಬಿಟ್ಟಿಯಾಗಿ ಪಡೆಯುತ್ತಿದ್ದಾನೆ. ಅವನ ಭಾರದ ಕೊಡಲಿಯನ್ನು ಮೇಜಿನ ಮುಂದೆ ಎತ್ತಿ ತೋರಿಸೆಂದು ಯಾರೂ ಕೇಳುವುದಿಲ್ಲವಲ್ಲ.

ನಿಮ್ಮ ಡಿಎಂಗೆ ಈ ಕ್ರಮ ಸೂಚಿಸಿ. ಆಟಗಾರ ಎರಡು ಸಂಗತಿ ಹೇಳಿದರೆ ಸಾಕು: ಏನು ಬೇಕು, ಯಾವ ದಾರಿ ಹಿಡಿಯುತ್ತೇನೆ. ‘ರಾತ್ರಿ ಊರ ಬಾಗಿಲು ತೆರೆಸಬೇಕು, ಕಾವಲುಗಾರನಿಗೆ ಅವನ ದಳಪತಿಯ ಹೆಸರು ಹೇಳಿ ಒತ್ತಡ ಹಾಕುತ್ತೇನೆ’ ಎಂದರೆ ಅದೂ ರೋಲ್‌ಪ್ಲೇಯೇ (ಪಾತ್ರಾಭಿನಯವೇ). ಕಾವಲುಗಾರನ ಮನಸ್ಥಿತಿ ನೋಡಿ ಡಿಎಂ ಮೊದಲೇ ಗುರಿ (ಗೆಲ್ಲಲು ದಾಳ ಮತ್ತು ಮಾಡಿಫೈಯರ್ ಸೇರಿ ಮುಟ್ಟಬೇಕಾದ ಮೊತ್ತ) ನಿಗದಿಮಾಡಲಿ, 15 ಎಂದಿಟ್ಟುಕೊಳ್ಳಿ. ಒಂದನೇ ಲೆವೆಲ್‌ನಲ್ಲಿ ಪರ್ಸುಯೇಷನ್ (ಮನವೊಲಿಸುವ ಕೌಶಲ) ಕಲಿತ ನಿಮಗೆ ಪ್ಲಸ್ 5 (ಕ್ಯಾರಿಸ್ಮಾ 16ಕ್ಕೆ 3, ಕಲಿತದ್ದಕ್ಕೆ 2), ಗೆಲ್ಲುವ ಸಾಧ್ಯತೆ ಶೇ 55. ಕಲಿಯದ ಬಾರ್ಬೇರಿಯನ್‌ಗೆ ಮೈನಸ್ 1, ಶೇ 25.

ಗೆಳೆಯನ ಮಾತಿಗೆ ಬೆಲೆಯೇ ಇಲ್ಲವೆಂದಲ್ಲ. ಮಾತಿನ ಧಾಟಿಗೆ ಅಂಕ ಬೇಡ, ಅದರಲ್ಲಿರುವ ವಿಷಯಕ್ಕೆ ಕೊಡಿ. ದಳಪತಿಯ ಮುದ್ರೆಯಿರುವ ಪತ್ರ ತೋರಿಸಿದರೆ ಅಡ್ವಾಂಟೇಜ್ ಕೊಡಬಹುದು. ಆಗ ಎರಡು ಸಲ ಎಸೆದು ದೊಡ್ಡದನ್ನು ಹಿಡಿಯುವುದರಿಂದ ಅವನ ಶೇ 25 ಸುಮಾರು 44ಕ್ಕೆ ಏರುತ್ತದೆ. ಅದೇ ಪತ್ರ ನಿಮ್ಮ ಕೈಯಲ್ಲಿದ್ದರೆ ನಿಮಗೂ ಅದೇ ಸವಲತ್ತು.

ಸಾಮಾನ್ಯವಾಗಿ ಕೆಡುವುದು ಅನುಕ್ರಮದಲ್ಲಿ. ಮೊದಲು ಅಮೋಘ ಭಾಷಣ, ಆಮೇಲೆ ದಾಳದಲ್ಲಿ 3 ಬಿದ್ದರೆ ಆಡಿದ್ದೆಲ್ಲ ನೀರುಪಾಲು ಅನ್ನಿಸುತ್ತದೆ. ದಾಳ ಮೊದಲು, ಅಭಿನಯ ಆಮೇಲೆ ಇಟ್ಟುಕೊಳ್ಳಿ. 3 ಬಿತ್ತೇ? ಬಾರ್ಡ್ ತಪ್ಪು ದಳಪತಿಯ ಹೆಸರು ಹೇಳಿಬಿಟ್ಟ. ಸೋಲನ್ನು ಆಡಿ ತೋರಿಸಲು ವಾಗ್ಮಿಯಾಗಬೇಕಿಲ್ಲ. ತಡವರಿಸುವವರಿಗೂ ಇದು ಹಿತವಾಗಿ ಒಗ್ಗುತ್ತದೆ.

ಪ್ರಶ್ನೆ: ನಾನು ಡಿಎಂ. ನಮ್ಮಲ್ಲೊಬ್ಬನ ವಿಜರ್ಡ್‌ಗೆ (ಮಂತ್ರವಾದಿ ಪಾತ್ರಕ್ಕೆ) ಇಂಟೆಲಿಜೆನ್ಸ್ 18. ಒಗಟು ಮಾತ್ರ ಆಟಗಾರನಿಗೆ ಬಿಡಿಸಲಾಗುತ್ತಿಲ್ಲ. ದಾಳ ಎಸೆಸಿ ಉತ್ತರ ಹೇಳಿಬಿಡಲೇ?

ಉತ್ತರ: ಬೇಡ, ಸುಳಿವು ಕೊಡಿ. ದಾಳದ ಮೊತ್ತ 10 ದಾಟಿದರೆ ಒಂದು, 15 ದಾಟಿದರೆ ಇನ್ನೊಂದು. ಬಿಡಿಸುವ ಸುಖ ಆಟಗಾರನದೇ ಆಗಿರಲಿ. ಆ ಒಗಟು ಬಿಡಿಸದೆ ಕಥೆ ಮುಂದೆ ಹೋಗದಂತಿದ್ದರೆ ದೋಷ ನಿಮ್ಮ ಯೋಜನೆಯದು, ಇನ್ನೊಂದು ದಾರಿ ತೆರೆದಿಡಿ.

ಪ್ರಶ್ನೆ: ಅಂಕ ಮೊದಲೋ, ಪಾತ್ರ ಮೊದಲೋ?

ಉತ್ತರ: ಮನಸ್ಸಿನಲ್ಲಿ ಪಾತ್ರ ಈಗಾಗಲೇ ಇದ್ದರೆ 15, 14, 13, 12, 10, 8 ಎಂಬ ಸಿದ್ಧ ಸಾಲನ್ನು ಹಂಚಿಕೊಳ್ಳಿ. ಏನೂ ಹೊಳೆಯದಿದ್ದರೆ 1974ರ ಮೂಲ ಆಟದಂತೆ ಮೂರು ದಾಳ ಎಸೆದು, ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳಿ. ಸ್ಟ್ರೆಂತ್ 7, ಕಾನ್ಸ್ಟಿಟ್ಯೂಷನ್ (ದೇಹದ ತಾಳಿಕೆ) 16 ಬಂತೆನ್ನಿ: ಕಾಯಿಲೆ ಹತ್ತಿರ ಸುಳಿಯದ, ಆದರೆ ನೀರಿನ ಕೊಡ ಎತ್ತಲಾಗದ ಈತ ಇಷ್ಟು ದಿನ ಯಾವ ಕೆಲಸ ಮಾಡಿಕೊಂಡಿದ್ದ ಎಂದು ಕೇಳಿಕೊಳ್ಳಿ.