ಚಾರ್ಟರ್ ದೋಣಿಯಲ್ಲಿ ಹಣ ಕೊಟ್ಟು ಬಂದವರ ಪಕ್ಕದಲ್ಲೇ ಸಿಬ್ಬಂದಿಯೂ ಗಾಳ ಹಾಕುವುದು ಸರಿಯೇ?

ನೀವು ಮೀನು ಹಿಡಿಯಲು ಹಣ ಕೊಟ್ಟು ಹೋದ ಬಾಡಿಗೆ ದೋಣಿಯಲ್ಲಿ ಡೆಕ್ ಸಹಾಯಕನೊಬ್ಬ ತಾನೂ ಗಾಳ ಹಾಕಿ, ಆ ದಿನದ ಅತಿ ದೊಡ್ಡ ಮೀನನ್ನು ಹಿಡಿದು, ಅದನ್ನು ತನ್ನ ಪೆಟ್ಟಿಗೆಗೇ ಹಾಕಿಕೊಂಡ ಎಂದು ಬರೆದಿದ್ದೀರಿ. ಇದು ಈ ವೃತ್ತಿಯಲ್ಲಿ ಒಪ್ಪಿತವಾದ ನಡತೆಯೇ, ಅಥವಾ ತಾವು ಬೇಸರಪಟ್ಟದ್ದರಲ್ಲಿ ನ್ಯಾಯವಿದೆಯೇ ಎಂಬುದು ನಿಮ್ಮ ಪ್ರಶ್ನೆ. ಕೆಲವು ವರ್ಷ ಇಂತಹ ದೋಣಿಗಳ ಡೆಕ್ಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ನಿಮ್ಮ ಬೇಸರ ನ್ಯಾಯವಾದದ್ದೇ. ಹಾಗೆಂದು ಸಿಬ್ಬಂದಿ ಗಾಳವನ್ನೇ ಮುಟ್ಟಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಬ್ಬಂದಿಯ ಗಾಳ ಗ್ರಾಹಕನಿಗೆ ಮೀನು ಸಿಗಲಿ ಎಂಬ ಕಾರಣಕ್ಕೆ ನೀರಿಗಿಳಿದಿದ್ದರೆ ಅದು ಅವನ ಕೆಲಸದ ಭಾಗ. ತನ್ನ ಆಸೆಗಾಗಿ ಇಳಿದಿದ್ದರೆ, ಊಟ ಬಡಿಸಬೇಕಾದವನೇ ಮೊದಲು ಉಣ್ಣಲು ಕುಳಿತಂತೆ.

ಶಿಷ್ಟಾಚಾರಕ್ಕಿಂತ ಮೊದಲು ಕಾನೂನನ್ನು ನೋಡಬೇಕು, ಏಕೆಂದರೆ ಕೆಲವು ಕಡೆ ಇದು ಸೌಜನ್ಯದ ವಿಷಯವಾಗಿ ಉಳಿದೇ ಇಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ನಿಯಮದ ಪ್ರಕಾರ ಮೆಕ್ಸಿಕೋ ಕೊಲ್ಲಿಯಲ್ಲಿ ಬಾಡಿಗೆಗೆ ಓಡುವ ದೋಣಿಯ ಕ್ಯಾಪ್ಟನ್ ಮತ್ತು ಸಿಬ್ಬಂದಿ ಒಂದು ರೆಡ್ ಸ್ನ್ಯಾಪರ್ ಮೀನನ್ನೂ ಇಟ್ಟುಕೊಳ್ಳುವಂತಿಲ್ಲ. ಅವರ ಪಾಲಿನ ಮಿತಿ ಸೊನ್ನೆ. ಅಲಾಸ್ಕಾದ ಆಗ್ನೇಯ ಮತ್ತು ದಕ್ಷಿಣ-ಮಧ್ಯ ಭಾಗದ ಸಮುದ್ರದಲ್ಲಿ ಹ್ಯಾಲಿಬಟ್ ಮೀನಿಗೂ ಇಂತಹದೇ ನಿರ್ಬಂಧವಿದ್ದು, ಗ್ರಾಹಕರು ದೋಣಿಯಲ್ಲಿರುವಾಗ ಮಾರ್ಗದರ್ಶಕನಾಗಲಿ ಸಿಬ್ಬಂದಿಯಾಗಲಿ ಅದನ್ನು ಹಿಡಿದು ಇಟ್ಟುಕೊಳ್ಳುವಂತಿಲ್ಲ. ಮೀನಿನ ಮಿತಿಯನ್ನು ತಲೆಗೆ ಇಷ್ಟು ಎಂದು ಎಣಿಸುವುದರಿಂದ, ಸಿಬ್ಬಂದಿಯ ತಲೆಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ಪ್ರತಿಯೊಂದು ದೋಣಿಯೂ ಪ್ರತಿದಿನವೂ ಹೆಚ್ಚುವರಿ ಮೀನನ್ನು ದಡಕ್ಕೆ ತರುತ್ತದೆ. ಆದ್ದರಿಂದ ನೀವು ಹೋಗುವ ಪ್ರದೇಶದ ನಿಯಮವನ್ನು ಮೊದಲು ಓದಿಕೊಳ್ಳಿ; ಎಷ್ಟೋ ವಾದಗಳು ಅಲ್ಲಿಗೇ ಮುಗಿಯುತ್ತವೆ.

ನಿಯಮ ಅಡ್ಡ ಬರದ ಕಡೆಗಳಲ್ಲಿ ಸಿಬ್ಬಂದಿಯ ಗಾಳದಿಂದ ಗ್ರಾಹಕನಿಗೆ ನಿಜವಾದ ಉಪಯೋಗವಾಗುವ ಸಂದರ್ಭಗಳಿವೆ. ಹೊಸ ಜಾಗದಲ್ಲಿ ಲಂಗರು ಹಾಕಿದಾಗ ಮೀನು ತಳದಲ್ಲಿದೆಯೋ ನಡುನೀರಿನಲ್ಲಿದೆಯೋ, ಯಾವ ಎರೆಗೆ ಬಾಯಿ ಹಾಕುತ್ತಿದೆ, ಸೆಳೆತಕ್ಕೆ ಎಷ್ಟು ತೂಕದ ಸೀಸದ ಗುಂಡು ಬೇಕು ಎಂಬುದನ್ನು ತಿಳಿಯಲು ಸಹಾಯಕ ಒಮ್ಮೆ ತನ್ನ ದಾರ ಇಳಿಸಿ ನೋಡುವುದು ಒಳ್ಳೆಯ ಅಭ್ಯಾಸ. ಜಿಗ್ಗನ್ನು, ಎಂದರೆ ಭಾರವಿರುವ ಕೃತಕ ಎರೆಯನ್ನು, ಹೇಗೆ ಕುಣಿಸಬೇಕು ಎಂಬುದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಎರಡು ನಿಮಿಷ ಮಾಡಿ ತೋರಿಸಿದರೆ ಬೇಗ ತಿಳಿಯುತ್ತದೆ. ಮಾಹಿ-ಮಾಹಿಯಂತಹ ಹಿಂಡಿನ ಮೀನಿನ ಬೇಟೆಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನನ್ನು ಮೇಲೆತ್ತದೆ ನೀರಿನಲ್ಲೇ ಇರಿಸಿಕೊಂಡರೆ ಉಳಿದವು ಅದರ ಸುತ್ತ ದೋಣಿಯ ಬಳಿಯೇ ಸುಳಿಯುತ್ತಿರುತ್ತವೆ. ಗ್ರಾಹಕರೆಲ್ಲರೂ ಎರೆ ಬದಲಿಸುತ್ತಿರುವ ಹೊತ್ತಿನಲ್ಲಿ ಆ ಒಂದು ಮೀನನ್ನು ಹಿಡಿದು ನಿಲ್ಲುವ ಸಹಾಯಕ ದೊಡ್ಡ ಉಪಕಾರವನ್ನೇ ಮಾಡುತ್ತಾನೆ. ಈ ಎಲ್ಲ ಸಂದರ್ಭಗಳಲ್ಲೂ ಉದ್ದೇಶ ಈಡೇರಿದ ಕೂಡಲೇ ಅವನ ದಾರ ಮೇಲೆ ಬರುತ್ತದೆ ಎಂಬುದನ್ನು ಗಮನಿಸಿ.

ನೀವು ಹೇಳಿದ ಸಹಾಯಕ ಇದರಲ್ಲಿ ಯಾವುದನ್ನೂ ಮಾಡುತ್ತಿರಲಿಲ್ಲ. ಅವನು ದೋಣಿಯ ಹಿಂಭಾಗದ ಮೂಲೆಯಲ್ಲಿ ನಿಂತಿದ್ದ ಎಂದು ಬರೆದಿದ್ದೀರಿ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಅವನ ಮೊದಲ ತಪ್ಪು. ಲಂಗರು ಹಾಕಿದ ದೋಣಿಯಲ್ಲಿ ಸೆಳೆತವು ಎರೆಯನ್ನು ಸಾಮಾನ್ಯವಾಗಿ ಹಿಂದಕ್ಕೆ ಒಯ್ಯುವುದರಿಂದ ಆ ಮೂಲೆಗಳಲ್ಲಿ ನಿಂತವರ ದಾರ ಇತರರದಕ್ಕೆ ತೊಡರುವುದು ಕಡಿಮೆ. ಆ ಜಾಗಕ್ಕಾಗಿ ಗ್ರಾಹಕರು ಬೆಳಗ್ಗೆ ಬೇಗ ಬಂದು ಕಾಯುತ್ತಾರೆ. ಅಲ್ಲಿ ಸಿಬ್ಬಂದಿ ನಿಲ್ಲಬಾರದು. ಗ್ರಾಹಕರಿಗೆ ಸತ್ತ ಎರೆ ಕೊಟ್ಟು ತಾನು ಜೀವಂತ ಎರೆಯನ್ನು ಬಳಸುವುದು ಇನ್ನೂ ಕೆಟ್ಟದ್ದು, ಅದನ್ನು ಚರ್ಚಿಸುವ ಅಗತ್ಯವೂ ಇಲ್ಲ. ಮೀನು ಭರದಿಂದ ಕಚ್ಚುತ್ತಿರುವಾಗ ಸಹಾಯಕನ ಎರಡೂ ಕೈ ಬಿಡುವಾಗಿರಬೇಕು: ಒಬ್ಬರ ದಾರ ಇನ್ನೊಬ್ಬರದಕ್ಕೆ ಸುತ್ತಿಕೊಂಡಿರುತ್ತದೆ, ಮತ್ತೊಬ್ಬರು ಮೇಲೆ ತಂದ ಮೀನನ್ನು ದೋಣಿಗೆ ಎತ್ತಲು ಗ್ಯಾಫ್ ಕೊಕ್ಕೆ ಬೇಕಾಗಿರುತ್ತದೆ, ಮಗುವೊಂದರ ಗಾಳ ಬರಿದಾಗಿರುತ್ತದೆ. ಆ ಹೊತ್ತಿನಲ್ಲಿ ಸಹಾಯಕ ತನ್ನದೇ ಮೀನಿನೊಡನೆ ಸೆಣಸುತ್ತಿದ್ದರೆ, ಕೊಕ್ಕೆಗಾಗಿ ಕಾದು ಕಾದು ಮೀನು ಕಳೆದುಕೊಂಡ ಗ್ರಾಹಕನಿಗೆ ಯಾವ ಸಮಾಧಾನವನ್ನೂ ಹೇಳಲಾಗದು. ಯಾರಾದರೂ ಕರೆದ ಕ್ಷಣದಲ್ಲಿ ಕೈಯಲ್ಲಿರುವ ರಾಡನ್ನು ಬಿಟ್ಟು ಹೋಗಲು ಸಿದ್ಧನಿಲ್ಲದವನು ಅದನ್ನು ಎತ್ತಿಕೊಳ್ಳಲೇಬಾರದು.

ಮೀನು ಸಿಕ್ಕಿಕೊಂಡ ರಾಡನ್ನು ಗ್ರಾಹಕನ ಕೈಗೆ ದಾಟಿಸುವ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಇದರಲ್ಲಿ ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದಲೇ ಎಡವುತ್ತಾರೆ. ಬೆಳಗಿನಿಂದ ಒಂದು ಮೀನನ್ನೂ ಕಾಣದ ಮಗುವಿಗೆ ಅದು ಹಬ್ಬ. ಆದರೆ ತಾನೇ ಕಚ್ಚಿಸಿ, ತಾನೇ ಎಳೆದು ಹಿಡಿಯಬೇಕೆಂದು ಬಂದ ಅನುಭವಸ್ಥನಿಗೆ, ಬೇರೆಯವನು ಕಚ್ಚಿಸಿದ ಮೀನಿನ ರೀಲ್ ಸುತ್ತುವುದು ಬರಿಯ ಕೂಲಿಯಂತೆ ಕಾಣಬಹುದು, ಅದರಲ್ಲಿ ಸೂಚ್ಯವಾದ ಅವಮಾನವನ್ನೂ ಅವನು ಕಾಣಬಹುದು. ದಾಖಲೆಯ ಆಸೆ ಇರುವವರಿಗಂತೂ ನಷ್ಟವೇ ಆಗುತ್ತದೆ: 1939ರಲ್ಲಿ ಸ್ಥಾಪನೆಯಾದ, ಗಾಳದ ಮೀನುಗಾರಿಕೆಯ ವಿಶ್ವದಾಖಲೆಗಳನ್ನು ಇಡುವ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ನಿನ ನಿಯಮಗಳ ಪ್ರಕಾರ ಗಾಳ ಹಾಕಿದವನೇ ಮೀನನ್ನು ಕಚ್ಚಿಸಬೇಕು, ಅವನೇ ಎಳೆಯಬೇಕು, ಸೆಣಸಾಟದ ನಡುವೆ ಇನ್ನೊಬ್ಬರು ರಾಡನ್ನೋ ರೀಲನ್ನೋ ದಾರವನ್ನೋ ಮುಟ್ಟಿದರೆ ಆ ಮೀನು ದಾಖಲೆಗೆ ಅನರ್ಹವಾಗುತ್ತದೆ. ಲೀಡರ್, ಎಂದರೆ ದಾರದ ತುದಿಯಲ್ಲಿ ಗಾಳಕ್ಕೆ ಕಟ್ಟಿದ ಗಟ್ಟಿ ತುಂಡು, ಕೈಗೆಟುಕಿದ ಮೇಲೆ ಅದನ್ನು ಹಿಡಿಯಲು, ಕೊಕ್ಕೆ ಹಾಕಲು ಮಾತ್ರ ಸಹಾಯಕನಿಗೆ ಅವಕಾಶವಿದೆ. ಆದ್ದರಿಂದ ದೋಣಿ ಹೊರಡುವ ಮುನ್ನವೇ ಪ್ರತಿಯೊಬ್ಬರನ್ನೂ ‘ಕಚ್ಚಿಸಿ ಕೊಡಲೇ, ನೀವೇ ಕಚ್ಚಿಸುವಿರಾ?’ ಎಂದು ಕೇಳಿಕೊಳ್ಳುವುದು ಸಹಾಯಕನ ಕರ್ತವ್ಯ. ಕೇಳದೆ ರಾಡನ್ನು ಕೈಗೆ ತುರುಕುವುದನ್ನು ನಾನು ಸೌಜನ್ಯವೆಂದು ಕರೆಯಲಾರೆ.

ಇನ್ನು ಮೀನು ಯಾರದು ಎಂಬ ಪ್ರಶ್ನೆ. ನಿಯಮ ಅನುಮತಿಸುವ ಕಡೆಯಲ್ಲಿ ಸಹಾಯಕ ಹಿಡಿದ ಮೀನು ಗ್ರಾಹಕರ ಪೆಟ್ಟಿಗೆಗೆ ಹೋಗಬೇಕು, ಇಲ್ಲವೇ ನೀರಿಗೆ ಮರಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಗ್ರಾಹಕರ ಪೆಟ್ಟಿಗೆಗೆ ಹಾಕಿದ ಮೀನು ಅವರ ಮಿತಿಯನ್ನು ಮೀರುವಂತಿರಬಾರದು, ಹೀಗಾಗಿ ಕೇಳದೆ ಹಾಕುವುದೂ ತೊಂದರೆಯೇ. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಅತಿ ದೊಡ್ಡ ಮೀನಿಗೆ ಜಾಕ್‌ಪಾಟ್ ಇಟ್ಟ ದೋಣಿಯಲ್ಲಿ ಸಿಬ್ಬಂದಿಯ ಮೀನು ತಕ್ಕಡಿಗೆ ಏರಲೇಬಾರದು. ಸಿಬ್ಬಂದಿ ಕಚ್ಚಿಸಿ ದಾಟಿಸಿದ ಮೀನಿಗೂ ಇದೇ ಮಾತು ಅನ್ವಯಿಸುತ್ತದೆ, ಇಲ್ಲವಾದರೆ ಉಳಿದವರ ಹಣಕ್ಕೆ ಮೋಸವಾಗುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಿಕೊಳ್ಳಬೇಕು. ಇಡೀ ದೋಣಿಯನ್ನು ಒಂದೇ ಗುಂಪು ಗೊತ್ತುಮಾಡಿಕೊಂಡಿದ್ದು, ಆ ಗುಂಪಿನವರೇ ‘ನೀನೂ ಒಂದು ಗಾಳ ಹಾಕಪ್ಪ’ ಎಂದು ಕರೆದರೆ ಸಹಾಯಕ ಸಂಕೋಚಪಡಬೇಕಾಗಿಲ್ಲ. ಆ ಹೊತ್ತು ಎಷ್ಟೋ ಸಲ ಪ್ರಯಾಣದ ಅತ್ಯಂತ ಸಂತೋಷದ ಭಾಗವಾಗಿರುತ್ತದೆ. ಒಬ್ಬೊಬ್ಬರೂ ಬೇರೆಬೇರೆಯಾಗಿ ಜಾಗಕ್ಕೆ ಹಣ ತೆತ್ತು ಬಂದ ದೋಣಿಯಲ್ಲಿ ಹಾಗಲ್ಲ. ಅಲ್ಲಿ ಒಬ್ಬರು ಕೊಟ್ಟ ಆಹ್ವಾನ ಎಲ್ಲರ ಒಪ್ಪಿಗೆಯಾಗುವುದಿಲ್ಲ.

ನೀವು ಈಗ ಮಾಡಬಹುದಾದದ್ದು ಇಷ್ಟು. ಮುಂದಿನ ಬಾರಿ ಜಾಗ ಕಾಯ್ದಿರಿಸುವಾಗಲೇ ‘ಸಿಬ್ಬಂದಿ ಗಾಳ ಹಾಕುತ್ತಾರೆಯೇ, ಹಾಕಿದರೆ ಆ ಮೀನು ಯಾರಿಗೆ ಸೇರುತ್ತದೆ?’ ಎಂದು ನೇರವಾಗಿ ಕೇಳಿ. ಒಳ್ಳೆಯ ಕ್ಯಾಪ್ಟನ್ ಈ ಪ್ರಶ್ನೆಯಿಂದ ಮುಜುಗರಪಡುವುದಿಲ್ಲ. ದೋಣಿಯ ಮೇಲೆ ಇಂಥದ್ದು ನಡೆದರೆ ಸಹಾಯಕನೊಡನೆ ಎಲ್ಲರೆದುರು ವಾದಕ್ಕಿಳಿಯದೆ ಕ್ಯಾಪ್ಟನ್ನಿಗೆ ತಗ್ಗಿದ ದನಿಯಲ್ಲಿ ತಿಳಿಸಿ, ಏಕೆಂದರೆ ಡೆಕ್ಕಿನ ಶಿಸ್ತು ಅವರ ಹೊಣೆ, ಮತ್ತು ಕೆಲವು ದೋಣಿಗಳಲ್ಲಿ ಸಹಾಯಕನಿಗೆ ಗಾಳ ಹಾಕಲು ಹೇಳಿದವರೂ ಅವರೇ ಆಗಿರುತ್ತಾರೆ. ಟಿಪ್ಸ್ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದಲ್ಲಿ ಬಾಡಿಗೆಯ ನೂರಕ್ಕೆ 15ರಿಂದ 20ರಷ್ಟು ಕೊಡುವ ರೂಢಿಯಿದೆ, ಸಹಾಯಕರ ಸಂಪಾದನೆಯ ದೊಡ್ಡ ಪಾಲು ಬರುವುದೂ ಅದರಿಂದಲೇ. ನಾನಾಗಿದ್ದರೆ ಪೂರ್ತಿ ನಿಲ್ಲಿಸುತ್ತಿರಲಿಲ್ಲ: ಅವನು ನಿಮಗೆ ಎರೆ ಸಿಕ್ಕಿಸಿಕೊಟ್ಟ, ಮೀನು ಸೀಳಿ ಶುಚಿ ಮಾಡಿಕೊಟ್ಟ ಕೆಲಸಕ್ಕೆ ತಕ್ಕಷ್ಟನ್ನು ಕೊಟ್ಟು, ಕಡಿಮೆ ಮಾಡಿದ್ದಕ್ಕೆ ಕಾರಣವನ್ನು ಅವನಿಗೇ ಹೇಳುತ್ತಿದ್ದೆ. ಕಾರಣ ಹೇಳದೆ ಕಡಿತ ಮಾಡಿದರೆ ಅವನು ನಿಮ್ಮನ್ನು ಜಿಪುಣರೆಂದುಕೊಂಡು, ಮರುದಿನ ಅದೇ ಮೂಲೆಯಲ್ಲಿ ಮತ್ತೆ ಗಾಳ ಹಾಕುತ್ತಾನೆ.